ಮೂವರ ಮದ್ದು

ಡಾಕ್ಟರು ಸಾಕಷ್ಟು ಹೊತ್ತು ಮಾತಾಡಿದ್ದರು. ಅದರಲ್ಲಿ ಮನೆಯವರಿಗೆ ಕೇಳಿಸಿದ್ದು ಒಂದೇ ವಾಕ್ಯ: ಇದು ಪೂರ್ತಿ ಹೋಗುವ ಕಾಯಿಲೆಯಲ್ಲ.

"ಹೋಗಲ್ಲ ಅನ್ನೋಕೆ ಡಾಕ್ಟರ್ ಯಾಕೆ ಬೇಕು?" ಅಜ್ಜಿ ಪಲ್ಯ ಬಡಿಸುತ್ತ ಕೇಳಿದಳು. "ಅದನ್ನ ನಾನೇ ಹೇಳ್ತಿದ್ದೆ, ಫೀಸಿಲ್ಲದೆ."

"ಏನೋ ಹೆಸರು ಹೇಳಿದ್ರಂತಲ್ಲ, ಏನದು?" ಎಂದ ಅವಳ ಮಗ. ಕೇಳಿದ್ದು ಹೆಂಡತಿಯನ್ನು, ಉತ್ತರ ಕೊಟ್ಟವಳು ಮಗಳು. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿದ್ದವಳು ಅವಳೇ.

"ಫೈಬ್ರೊಮಯಾಲ್ಜಿಯ. ಮೈಯೆಲ್ಲ ನೋವು, ಸುಸ್ತು, ನಿದ್ದೆ ಮಾಡಿದ್ರೂ ಮಾಡಿದ ಹಾಗಿರಲ್ಲ, ತಲೆ ಮಂಕು. ಅಮ್ಮನಿಗೆ ಇರೋದೆಲ್ಲ ಅದೇ."

"ರಕ್ತ ಪರೀಕ್ಷೆಲಿ ಏನು ಬಂತು?"

"ಎಲ್ಲ ಸರಿ ಇದೆ. ಇದು ರಕ್ತದಲ್ಲಿ ಕಾಣಲ್ವಂತೆ."

"ಎಕ್ಸ್‌ರೇಲಿ?"

"ಅದರಲ್ಲೂ ಕಾಣಲ್ಲ."

"ಮತ್ತೆ ಎಲ್ಲಿ ಕಾಣುತ್ತೆ?"

"ಅಮ್ಮನ ಮುಖದಲ್ಲಿ," ಎಂದಳು ಮಗಳು. "ನೋಡಿದ್ರೆ."

ಯಾರೂ ನೋಡಲಿಲ್ಲ. ಗಂಡ ಮಾತ್ರೆಯ ಡಬ್ಬಿಯೊಳಗಿನ ಕಾಗದ ಬಿಡಿಸಿ ಓದುತ್ತಿದ್ದ.

ಡಾಕ್ಟರು ಬರೆದುಕೊಟ್ಟದ್ದು ಹೆಚ್ಚೇನಲ್ಲ. ರಾತ್ರಿಗೊಂದು ಸಣ್ಣ ಮಾತ್ರೆ. ದಿನವೂ ಸ್ವಲ್ಪ ನಡಿಗೆ, ಆಗುವಷ್ಟೇ. ಮಲಗುವುದು, ಏಳುವುದು ಒಂದೇ ಹೊತ್ತಿಗೆ. ಕೆಲಸವನ್ನು ತುಂಡು ಮಾಡಿಕೊಂಡು, ನಡುನಡುವೆ ಕೂತು ಮಾಡುವುದು. ಒಟ್ಟಾರೆ ಈಗ ಮಾಡುತ್ತಿರುವುದರ ಅರ್ಧ. ಹೀಗೆ ಇದ್ದರೆ ನೋವು ಹತೋಟಿಗೆ ಬರುತ್ತದೆ, ಕೆಲವು ದಿನ ಮರೆತೇ ಹೋಗುತ್ತದೆ, ಕೆಲವು ದಿನ ಹೋಗುವುದಿಲ್ಲ ಎಂದಿದ್ದರು.

"ಇದು ಖಿನ್ನತೆಗೆ ಕೊಡೋ ಮಾತ್ರೆ," ಎಂದ ಗಂಡ ಕಾಗದದಿಂದ ತಲೆಯೆತ್ತಿ.

"ಕಮ್ಮಿ ಪ್ರಮಾಣದಲ್ಲಿ ನೋವಿಗೂ ನಿದ್ದೆಗೂ ಕೊಡ್ತಾರಂತೆ ಅಪ್ಪ. ನಾನು ಕೇಳಿದೆ."

"ನಮ್ಮ ಮನೇಲಿ ತಲೆ ಕೆಟ್ಟೋರು ಯಾರೂ ಇಲ್ಲ," ಎಂದಳು ಅಜ್ಜಿ.

"ಇನ್ನೂ ಇಲ್ಲ, ಅತ್ತೆ," ಎಂದಳು ಸೊಸೆ. ಆ ಊಟದಲ್ಲಿ ಅವಳು ಆಡಿದ ಮಾತು ಅದೊಂದೇ.

ಮಾತ್ರೆ ಅಡುಗೆಮನೆಯ ಡ್ರಾಯರು ಸೇರಿತು. ಅರ್ಧ ಕೆಲಸದ ಮಾತನ್ನು ಯಾರೂ ಎತ್ತಲಿಲ್ಲ.

ಮನೆಯ ಮುಂದಿನ ಕೋಣೆಯೇ ಲಾಂಡ್ರಿ. ಅಜ್ಜಿಯ ಗಂಡ ಶುರುಮಾಡಿದ್ದು. ಅವನ ಕಾಲದಿಂದ ಬಂದ ಕಟ್ಟಳೆ ಒಂದಿತ್ತು: ಒಗೆಯುವುದು, ಗಿರಾಕಿಗಳ ಜೊತೆ ಮಾತಾಡುವುದು ಗಂಡಸರ ಕೆಲಸ, ಇಸ್ತ್ರಿ ಹೆಂಗಸರದು. ಒಗೆಯುವ ಕೆಲಸವನ್ನು ಈಗ ಯಂತ್ರ ವಹಿಸಿಕೊಂಡಿತ್ತು. ಮಾತಾಡುವುದು ಮಗನಿಗೆ ಉಳಿದಿತ್ತು. ಇಸ್ತ್ರಿ, ಅಜ್ಜಿ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ, ಪೂರ್ತಿ ಸೊಸೆಯ ಪಾಲಿಗೆ ಬಂದಿತ್ತು. ಅಂಗಿಯ ಕಾಲರನ್ನು ಅವಳು ತುದಿಯಿಂದ ನಡುವಿಗೆ ಒತ್ತುತ್ತಿದ್ದಳು. ಹಾಗೆ ಮಾಡಿದರೆ ತುದಿಯಲ್ಲಿ ಮಡಿಕೆ ಬೀಳುವುದಿಲ್ಲ. ಬೀದಿಯವರು ಅವಳನ್ನು ಕಾಲರಕ್ಕ ಎಂದೇ ಕರೆಯುತ್ತಿದ್ದರು. ಅವಳ ಕೈಯ ಅಂಗಿ ಹಾಕಿಕೊಂಡು ಹೋದರೆ ಕೆಲಸ ಸಿಗುತ್ತದೆ ಎಂದು ಸಂದರ್ಶನಕ್ಕೆ ಹೋಗುವ ಹುಡುಗರು ನಂಬಿದ್ದರು.

ಈಗ ಆ ಕೈಗೆ ಇಸ್ತ್ರಿ ಪೆಟ್ಟಿಗೆ ಎತ್ತುವುದೇ ಕಷ್ಟವಾಗಿತ್ತು. ಭುಜ, ಸೊಂಟ, ತೊಡೆ, ಅಂಗೈ, ಎಲ್ಲಿ ಮುಟ್ಟಿದರೂ ಹಿಂದಿನ ದಿನ ಯಾರೋ ಹೊಡೆದ ಹಾಗೆ. ಬೆಳಿಗ್ಗೆ ಎದ್ದರೆ ಮಲಗುವಾಗ ಇದ್ದುದಕ್ಕಿಂತ ಹೆಚ್ಚು ಆಯಾಸ. ಎರಡು ಸಲ ಒಬ್ಬರ ಪ್ಯಾಂಟಿನ ಗುರುತು ಚೀಟಿಯನ್ನು ಇನ್ನೊಬ್ಬರ ಪ್ಯಾಂಟಿಗೆ ಚುಚ್ಚಿದ್ದಳು. ಒಬ್ಬ ಗಿರಾಕಿ ಪೈಲ್ವಾನನ ಗಾತ್ರದವನು, ಇನ್ನೊಬ್ಬ ಸಣಕಲು ಸಂಗೀತದ ಮೇಷ್ಟ್ರು. ಮೇಷ್ಟ್ರು ಪ್ಯಾಂಟನ್ನು ವಾಪಸು ತಂದು, "ಇದರಲ್ಲಿ ನಾನೂ ನನ್ನ ತಂಬೂರಿಯೂ ಹಿಡಿಸ್ತೀವಿ," ಎಂದಿದ್ದ.

ಡಾಕ್ಟರನ್ನು ಕೈಬಿಟ್ಟ ಮೇಲೆ ಮನೆಯವರು ಸುಮ್ಮನೆ ಕೂರಲಿಲ್ಲ. ಅಷ್ಟರಮಟ್ಟಿಗೆ ಅವರದು ತಪ್ಪೆನ್ನುವಂತಿಲ್ಲ.

ಮೊದಲು ಕಣಕ್ಕಿಳಿದವಳು ಅಜ್ಜಿ. ಬೆಳಿಗ್ಗೆ ಶುಂಠಿ ಕಷಾಯ. ಸಂಜೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ. ಎಣ್ಣೆಯ ಬಿಸಿ ಹಿತವಾಗಿತ್ತು, ತಿಕ್ಕುವುದೇ ಹಿಂಸೆ.

"ಮೆಲ್ಲಗೆ ಅತ್ತೆ."

"ಮೆಲ್ಲಗೆ ತಿಕ್ಕಿದ್ರೆ ಎಣ್ಣೆ ಒಳಗೆ ಹೋಗಲ್ಲ. ತಡ್ಕೋ. ನಾನೂ ಇಪ್ಪತ್ತು ವರ್ಷ ಇಸ್ತ್ರಿ ಮಾಡಿದೀನಿ. ನನಗೇನು ನೋವಿರಲಿಲ್ವಾ? ಆಗ ಇದಕ್ಕೆಲ್ಲ ಹೆಸರಿರಲಿಲ್ಲ, ಅಷ್ಟೇ."

ಜೊತೆಗೆ ರಾತ್ರಿಯ ಹಾಲು. ಮಣಿಕಟ್ಟು ಮುರಿದಾಗ ಮೂಳೆ ಡಾಕ್ಟರು ಅಜ್ಜಿಗೆ ಪುಡಿಯ ಸಣ್ಣ ಪೊಟ್ಟಣಗಳನ್ನು ಕೊಟ್ಟಿದ್ದರು. ವಾರಕ್ಕೊಂದನ್ನು ಹಾಲಿಗೆ ಹಾಕಿ ಕುಡಿಯಬೇಕು. ಕೈ ಕೂಡಿಕೊಂಡಿತ್ತು, ಜೊತೆಗೆ ಮಂಡಿನೋವೂ ಕಮ್ಮಿಯಾಗಿತ್ತು. ಆ ಪುಡಿಯ ಮೇಲೆ ಅಜ್ಜಿಗೆ ಅಪಾರ ನಂಬಿಕೆ. ಔಷಧಿ ಅಂಗಡಿಯವನು ಖಾಲಿ ಪೊಟ್ಟಣ ತೋರಿಸಿದರೆ ಸಾಕು, ಬೇಕಾದಷ್ಟು ಕೊಡುತ್ತಿದ್ದ. ಅಜ್ಜಿ ಅದನ್ನು ಸೊಸೆಯ ಹಾಲಿಗೆ ಬೆರೆಸತೊಡಗಿದಳು. ವಾರಕ್ಕೊಂದಲ್ಲ, ದಿನಕ್ಕೊಂದು.

"ಇದು ವಾರಕ್ಕೊಂದಲ್ವಾ ಅತ್ತೆ?" ಎಂದು ಕಾಲರಕ್ಕ ಒಮ್ಮೆ ಕೇಳಿದ್ದಳು.

"ಅದು ಕೂತು ತಿನ್ನೋ ಮುದುಕಿ ಲೆಕ್ಕ. ನೀನು ದುಡಿಯೋಳು. ನಾಲ್ಕು ಅಂಗಿ ಒಗೆಯೋಕೂ ನಲವತ್ತು ಅಂಗಿ ಒಗೆಯೋಕೂ ಒಂದೇ ಚಮಚ ಪುಡಿ ಹಾಕ್ತೀವಾ?"

ಅದು ಆ ಮನೆಯ ಕಸುಬಿನ ಮೊದಲ ಪಾಠ. ಕಲೆ ಹೋಗಲಿಲ್ಲವೆಂದರೆ ಪುಡಿ ಹೆಚ್ಚಿಸು, ಇನ್ನೊಂದು ಸಲ ನೆನೆಹಾಕು. ಆ ಮನೆಯಲ್ಲಿ ಅದನ್ನು ಪ್ರಶ್ನಿಸಿದವರಿಲ್ಲ.

ಮಗ ತಾಯಿಗಿಂತ ಹಿಂದೆ ಬೀಳಲಿಲ್ಲ. ಅದೇ ಔಷಧಿ ಅಂಗಡಿಯವನಲ್ಲಿಗೆ ಹೋಗಿ, ಹೆಂಡತಿಯ ನೋವು ವಿವರಿಸಿ, ಮೂಳೆಗೆ ಮತ್ತು ಮಾಂಸಖಂಡಕ್ಕೆ ಎಂದು ಬರೆದಿದ್ದ ದೊಡ್ಡ ಮಾತ್ರೆಗಳ ಡಬ್ಬಿ ತಂದ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಮಗಳಿಗೆ ಒಂದು ಜಿಮ್ಮಿನ ಸ್ವಾಗತ ಮೇಜಿನಲ್ಲಿ ಕೆಲಸ. ಅಲ್ಲಿನ ತರಬೇತುದಾರ, "ಆಂಟಿಗೆ ಇದನ್ನ ಕೊಡಿ, ಕುದುರೆ ಹಾಗೆ ಓಡ್ತಾರೆ," ಎಂದು ಚಾಕಲೇಟು ಬಣ್ಣದ ಪುಡಿಯ ಡಬ್ಬಿ ಕೊಡಿಸಿದ್ದ. ಸಂಜೆ ನೀರಿಗೆ ಕಲಸಿ ಕುಡಿಯುವುದು.

"ನನಗೆ ಓಡೋದು ಬೇಡ," ಎಂದಳು ಕಾಲರಕ್ಕ. "ಮೆಟ್ಟಿಲು ಇಳಿದ್ರೆ ಸಾಕು."

"ಕುಡಿಯಮ್ಮ. ಇದರಲ್ಲಿ ಮೆಗ್ನೀಸಿಯಂ ಇದೆ. ಅಪ್ಪನ ಮಾತ್ರೆಲಿ ಬರೀ ಕ್ಯಾಲ್ಸಿಯಂ, ಸುಣ್ಣ."

"ಅಪ್ಪನಿಗೆ ಹಾಗೆ ಹೇಳಬೇಡ."

"ಯಾಕೆ, ಸುಣ್ಣಕ್ಕೆ ಬೇಜಾರಾಗುತ್ತಾ?"

ಬೇಜಾರಾಗುತ್ತಿದ್ದುದು ಮನುಷ್ಯರಿಗೆ. ಅಜ್ಜಿಯ ಹಾಲು ಬೇಡವೆಂದರೆ ಸೊಸೆಗೆ ಅಂಗಡಿ ಮಾತ್ರೆಯೇ ಹೆಚ್ಚಾಯಿತು. ಗಂಡನ ಮಾತ್ರೆ ಬಿಟ್ಟರೆ ಅತ್ತೆಯ ಮಾತಿನ ಮುಂದೆ ಗಂಡನ ಮಾತು ಕಸವಾಯಿತು. ಮಗಳ ಡಬ್ಬಿ ಮುಟ್ಟದಿದ್ದರೆ ಅವಳು ತನ್ನ ಸಂಬಳದಲ್ಲಿ ತಂದದ್ದು ದಂಡವಾಯಿತು. ಕಾಲರಕ್ಕ ಮೂವರದ್ದನ್ನೂ ನುಂಗಿದಳು. ನುಂಗಿದ ಮೇಲೆ ಮೂವರೂ ಬೇರೆ ಬೇರೆಯಾಗಿ, "ಹೇಗಿದೆ?" ಎಂದು ಕೇಳುತ್ತಿದ್ದರು. ಅವಳು ಮೂವರಿಗೂ, "ಪರವಾಗಿಲ್ಲ," ಎನ್ನುತ್ತಿದ್ದಳು. ಪ್ರತಿಯೊಬ್ಬರೂ ಅದು ತಮ್ಮ ಮದ್ದಿನ ಗುಣವೆಂದೇ ತಿಳಿದರು.

ಆ ಮಾತಿಗೆ ಬೇರೆ ಫಲವೂ ಸಿಕ್ಕಿತು. ಮೊದಲನೇ ವಾರ ಪರವಾಗಿಲ್ಲ ಎಂದದ್ದಕ್ಕೆ, ಅಲ್ಲಿಯವರೆಗೆ ಅಜ್ಜಿ ಮಾಡುತ್ತಿದ್ದ ತರಕಾರಿ ಹೆಚ್ಚುವ ಕೆಲಸ ಅವಳ ಕೈಗೆ ಮರಳಿತು. ಮತ್ತೆರಡು ವಾರಕ್ಕೆ ಪಾತ್ರೆಯೂ ಮರಳಿತು. ತಿಂಗಳು ತುಂಬುವ ಹೊತ್ತಿಗೆ ಗಂಡ ಬಸ್ ನಿಲ್ದಾಣದ ಎದುರಿನ ಲಾಡ್ಜಿಗೆ ಮಾತು ಕೊಟ್ಟು ಬಂದ.

"ಬೆಡ್‌ಶೀಟು, ದಿಂಬಿನ ಕವರು, ಊಟದ ಮೇಜಿನ ಬಟ್ಟೆ, ಎಲ್ಲ ನಮಗೇ. ದಿನಾ ಬರುತ್ತೆ," ಎಂದ ಊಟಕ್ಕೆ ಕೂರುತ್ತ. ಅವನ ಮುಖದಲ್ಲಿ ಬಹಳ ದಿನದ ಮೇಲೆ ಬೆಳಕಿತ್ತು.

"ಯಾರು ಇಸ್ತ್ರಿ ಮಾಡೋದು?" ಎಂದಳು ಹೆಂಡತಿ.

"ಮತ್ಯಾರು? ನಿನಗೀಗ ಪರವಾಗಿಲ್ವಲ್ಲ."

"ಅರ್ಧ ಮಾತ್ರ ಒಪ್ಕೊಳ್ರೀ. ಡಾಕ್ಟರು ಅರ್ಧ ಅಂದಿದ್ರು."

"ಲಾಡ್ಜಿನೋರು ಅರ್ಧ ಕೊಡ್ತಾರಾ? ಇವರ ಮಂಚಕ್ಕೆ ಹಾಸು, ಅವರ ಮಂಚಕ್ಕೆ ಬೇಡ ಅಂತಾನಾ ಮ್ಯಾನೇಜರು? ಕೊಟ್ಟ ಮಾತು ಕೊಟ್ಟ ಹಾಗೆ."

"ಮಾಡ್ತಾಳೆ ಬಿಡೋ," ಎಂದಳು ಅಜ್ಜಿ. "ಹಾಲು ಕುಡಿಯೋಕೆ ಶುರುಮಾಡಿದ ಮೇಲೆ ಎಷ್ಟೋ ವಾಸಿ."

"ಹಾಲಲ್ಲಮ್ಮ, ಮಾತ್ರೆ."

"ಮಾತ್ರೆಗೆ ಮುಂಚೆ ಹಾಲು ಶುರುವಾಗಿದ್ದು."

ಮಗಳು ಬಾಯಿ ಹಾಕಬೇಕೆನ್ನುವಷ್ಟರಲ್ಲಿ ಕಾಲರಕ್ಕ ತಟ್ಟೆ ಎತ್ತಿಕೊಂಡು ಎದ್ದಳು. ಹಸಿವಿಲ್ಲವೆಂದಳು. ಹಸಿವು ಹೋಗಿ ಕೆಲವು ದಿನವಾಗಿತ್ತು. ಯಾರೂ ಗಮನಿಸಿರಲಿಲ್ಲ, ಅನ್ನ ಮಿಕ್ಕಿದ್ದನ್ನು ಮಾತ್ರ ಅಜ್ಜಿ ಗಮನಿಸಿ, ಅಳತೆ ಕಮ್ಮಿ ಮಾಡಿದ್ದಳು.

ಲಾಡ್ಜಿನ ಗಂಟುಗಳು ಬರತೊಡಗಿದವು. ಬೆಡ್‌ಶೀಟು ಅಂಗಿಯಂತಲ್ಲ, ಕೈ ಚಾಚಬೇಕು, ತೂಕ ಎತ್ತಬೇಕು, ಮಡಿಸುವಾಗ ಭುಜದ ಮೇಲಕ್ಕೆ ಹಿಡಿಯಬೇಕು. ನೋವು ಹೆಚ್ಚಾಯಿತು, ಅದು ಅವಳಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ ಹೊಸ ಸಂಗತಿಗಳೂ ಸೇರಿಕೊಂಡವು. ತಂಬಿಗೆಗಟ್ಟಲೆ ನೀರು ಕುಡಿದರೂ ತೀರದ ದಾಹ. ಮತ್ತೆ ಮತ್ತೆ ಬಚ್ಚಲಿಗೆ ಓಡುವುದು. ಹೊಟ್ಟೆ ಕಟ್ಟಿಕೊಂಡಿತು. ಊಟದ ವಾಸನೆಗೆ ವಾಂತಿ ಬಂದಂತಾಗುತ್ತಿತ್ತು. ಕೈಕಾಲಲ್ಲಿ ಬಲವೇ ಇಲ್ಲ.

"ಸುಸ್ತು," ಎಂದಳು, ಒಂದು ಸಂಜೆ, ಪರವಾಗಿಲ್ಲ ಎನ್ನುವುದರ ಬದಲು.

ಅಜ್ಜಿ ಎಣ್ಣೆಯ ಬಟ್ಟಲು ಕೆಳಗಿಟ್ಟಳು. "ನೋಡು, ಇದಕ್ಕೇ ನಾನು ಹೇಳೋದು. ಮೈಗೆ ಸಾಲ್ತಾ ಇಲ್ಲ." ಅಂದಿನಿಂದ ಬೆಳಗಿನ ಹಾಲಿಗೂ ಒಂದು ಪೊಟ್ಟಣ ಬಿತ್ತು.

ಗಂಡ ಔಷಧಿ ಅಂಗಡಿಯವನನ್ನು ವಿಚಾರಿಸಿದ. ಅಂಗಡಿಯವನು ಕೌಂಟರಿನಾಚೆಯಿಂದಲೇ, "ಕೆಲವರ ಮೈಗೆ ನಿಧಾನ. ಮೂರು ಹೊತ್ತು ಮಾಡಿ," ಎಂದ. ಗಂಡ ಮೂರು ಹೊತ್ತು ಮಾಡಿದ. ಮಗಳು ಒಂದು ಚಮಚಕ್ಕೆ ಎರಡು ಮಾಡಿದಳು. ಒಬ್ಬರು ಹೆಚ್ಚಿಸಿದ್ದು ಇನ್ನೊಬ್ಬರಿಗೆ ತಿಳಿಯಲಿಲ್ಲ. ತಿಳಿದಿದ್ದವಳು ಕಾಲರಕ್ಕ ಒಬ್ಬಳೇ, ಅವಳು ಹೇಳಲಿಲ್ಲ. ಹೇಳಿದರೆ ಯಾರದ್ದನ್ನು ನಿಲ್ಲಿಸಬೇಕೆಂಬ ಜಗಳಕ್ಕೆ ಅವಳೇ ತೀರ್ಪು ಕೊಡಬೇಕಾಗುತ್ತಿತ್ತು. ಅದಕ್ಕೆ ಬೇಕಾದ ಶಕ್ತಿ ಅವಳಲ್ಲಿರಲಿಲ್ಲ.

ಒಂದು ಮಧ್ಯಾಹ್ನ ಲಾಡ್ಜಿನ ಮೇಜಿನ ಬಟ್ಟೆಯಿಂದ ಹೊಗೆ ಎದ್ದಿತು. ಗಂಡ ಕೌಂಟರಿನಿಂದ ಓಡಿಬಂದ. ಕಾಲರಕ್ಕ ಇಸ್ತ್ರಿ ಪೆಟ್ಟಿಗೆಯ ಹಿಡಿಯ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಬಟ್ಟೆಯಲ್ಲಿ ಪೆಟ್ಟಿಗೆಯ ಆಕಾರದ ಕಂದು ಗುರುತು.

"ಏನು ಮಾಡ್ತಿದೀಯ? ನಿದ್ದೆ ಮಾಡ್ತಿದೀಯಾ?"

"ಇಲ್ಲ."

"ಮತ್ತೆ? ಮನಸ್ಸೆಲ್ಲಿತ್ತು? ಮೂರು ಜನ ನಿನ್ನ ಹಿಂದೆ ಮುಂದೆ ಲೋಟ ಹಿಡ್ಕೊಂಡು ಓಡಾಡ್ತಿದೀವಿ. ನೀನೂ ಸ್ವಲ್ಪ ಮನಸ್ಸು ಮಾಡಬೇಕಲ್ವಾ?"

"ಮನಸ್ಸು ಮಾಡಬೇಕು," ಎಂದಳು ಅವಳು, ಪಾಠ ಒಪ್ಪಿಸುವವಳಂತೆ. ಆಮೇಲೆ ಗಂಟಿನ ಮೇಲೆ ಕೂತುಬಿಟ್ಟಳು. "ಇದು ಯಾರ ಮನೆ ಬಟ್ಟೆ?"

"ಲಾಡ್ಜಿಂದು ಕಣೇ."

"ಯಾವ ಲಾಡ್ಜು?"

ಜಿಮ್ಮಿನಿಂದ ಊಟಕ್ಕೆ ಬಂದಿದ್ದ ಮಗಳು ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಅಪ್ಪನನ್ನು ಕೇಳದೆ ಆಟೊ ಕರೆದಳು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಈ ಸಲ ರಕ್ತದಲ್ಲಿ ಕಂಡಿತು. ಕ್ಯಾಲ್ಸಿಯಂ ಇರಬೇಕಾದುದಕ್ಕಿಂತ ಬಹಳ ಮೇಲಿತ್ತು. ಡ್ರಿಪ್ ಹಾಕಿ ಮಲಗಿಸಿದ ಮೇಲೆ ಡಾಕ್ಟರು ಮನೆಯವರನ್ನು ಕರೆಸಿ, ಅವಳಿಗೆ ಏನೇನು ಕೊಡುತ್ತಿದ್ದೀರೋ ಎಲ್ಲವನ್ನೂ ತನ್ನಿ ಎಂದರು. ಗಂಡ ಒಂದು ಡಬ್ಬಿ ತಂದ. ಮಗಳು ಒಂದು ಡಬ್ಬಿ ತಂದಳು. ಅಜ್ಜಿ ಏನೂ ತರಲಿಲ್ಲ.

"ನೀವು ಏನಾದ್ರೂ ಕೊಡ್ತಿದ್ರಾ ಅಜ್ಜಿ?" ಎಂದು ಡಾಕ್ಟರು ಕೇಳಿದರು.

"ನಾನು ಔಷಧಿ ಕೊಡೋಳಲ್ಲಮ್ಮ. ಶುಂಠಿ, ಬೆಳ್ಳುಳ್ಳಿ, ಹಾಲು. ಮನೆಮದ್ದು."

"ಹಾಲಿಗೆ ಪುಡಿ," ಎಂದಳು ಮಂಚದಿಂದ ಕಾಲರಕ್ಕ. "ಅತ್ತೆಯ ಕೈ ಮುರಿದಾಗ ಕೊಟ್ಟಿದ್ದು. ದಿನಾ."

ಡಾಕ್ಟರು ಪೆನ್ನು ಕೆಳಗಿಟ್ಟರು. "ದಿನಾನಾ?"

"ಈಚೆಗೆ ದಿನಕ್ಕೆರಡು."

ಡಾಕ್ಟರು ಗದರಿಸುವವರಲ್ಲ. ನಿಧಾನವಾಗಿ ಹೇಳಿದರು. ಆ ಪೊಟ್ಟಣದಲ್ಲಿರುವುದು ವಿಟಮಿನ್ ಡಿ. ಒಂದೊಂದರಲ್ಲೂ ಅರವತ್ತು ಸಾವಿರ ಯೂನಿಟ್. ವಾರವಿಡೀ ಸಾಲಲಿ ಎಂದು ಒಂದರಲ್ಲೇ ತುಂಬಿರುವುದು. ಈ ಡಬ್ಬಿಯ ಮಾತ್ರೆಯಲ್ಲಿ ಸುಣ್ಣದ ಜೊತೆಗೆ ಅದೇ. ಜಿಮ್ಮಿನ ಪುಡಿಯಲ್ಲೂ ಅದೇ, ಬೇರೆ ಹೆಸರಿನಲ್ಲಿ. ಬೇಡದ್ದನ್ನು ಮೈ ಹೊರಗೆ ಹಾಕುತ್ತದೆ ಎಂದು ಜನ ತಿಳಿದಿರುತ್ತಾರೆ. ಇದು ಹಾಗೆ ಹೋಗುವುದಿಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ರಕ್ತದಲ್ಲಿ ಸುಣ್ಣ ಏರುತ್ತದೆ. ಸುಸ್ತು, ದಾಹ, ವಾಂತಿ, ಗೊಂದಲ ಎಲ್ಲ ಅದರಿಂದಲೇ. ಮೂತ್ರಪಿಂಡಕ್ಕೆ ಪೆಟ್ಟು ಬೀಳದೆ ಇದ್ದುದು ಅದೃಷ್ಟ. ಎಲ್ಲವನ್ನೂ ನಿಲ್ಲಿಸಬೇಕು. ಪೂರ್ತಿ ಇಳಿಯಲು ವಾರಗಳು ಬೇಕು.

"ಅಂದ್ರೆ, ಮೂರೂ ಒಂದೇನಾ?" ಎಂದ ಗಂಡ.

"ಹೆಚ್ಚುಕಮ್ಮಿ."

"ಅಳಿಯ ಅಲ್ಲ, ಮಗಳ ಗಂಡ," ಎಂದಳು ಕಾಲರಕ್ಕ ಕಣ್ಣು ಮುಚ್ಚಿಕೊಂಡೇ.

ವಾರ್ಡಿನ ಹೊರಗೆ, ಉದ್ದನೆಯ ಬೆಂಚಿನ ಮೇಲೆ, ಜಗಳ ತಗ್ಗಿದ ದನಿಯಲ್ಲಿ ನಡೆಯಿತು.

"ವಾರಕ್ಕೊಂದು ಅಂತ ಪೊಟ್ಟಣದ ಮೇಲೇ ಇದೆ ಅಜ್ಜಿ."

"ನನ್ನ ಕಣ್ಣಿಗೆ ಆ ಸೊಳ್ಳೆಯಷ್ಟು ಅಕ್ಷರ ಕಾಣುತ್ತಾ? ನೀನು ಓದಿದೋಳು. ನೀನು ತಂದ ಡಬ್ಬಿ ಮೇಲೆ ಏನಿತ್ತು, ನೀನು ಓದಿದ್ಯಾ?"

"ನಂದು ಸ್ವಲ್ಪನೇ ಇತ್ತು."

"ಎಲ್ಲರದ್ದೂ ಸ್ವಲ್ಪನೇ ಇತ್ತು," ಎಂದ ಗಂಡ. "ಅವಳಾದ್ರೂ ಬಾಯಿ ಬಿಡಬಾರದಿತ್ತಾ?"

ಕೊನೆಗೆ ತಪ್ಪು ಒಳಗೆ ಮಲಗಿದ್ದವಳ ತಲೆಗೆ ಹೋಗಿ ನಿಂತಿತು. ಅಲ್ಲಿಗೆ ಮೂವರಿಗೂ ಒಪ್ಪಿಗೆಯಾಯಿತು. ಹೊರಗಿನ ಅಂಗಡಿಯಲ್ಲಿ ಕಾಫಿ ಕುಡಿದರು.

ನಾಲ್ಕೈದು ದಿನದಲ್ಲಿ ಅವಳು ಮನೆಗೆ ಬಂದಳು. ಹೊಟ್ಟೆ ತೊಳಸುವುದು ನಿಂತಿತ್ತು. ತಲೆ ತಿಳಿಯಾಗಿತ್ತು. ಎರಡು ವಾರದ ನಂತರದ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾದ ಅಂಕಿಗೆ ಇಳಿದಿತ್ತು. ಆ ಕಾಗದವನ್ನು ಗಂಡ ಪರೀಕ್ಷೆ ಪಾಸಾದ ಮಗುವಿನ ಅಂಕಪಟ್ಟಿಯಂತೆ ಎತ್ತಿ ಹಿಡಿದ.

"ಅಂತೂ ರೋಗ ಗೊತ್ತಾಯ್ತಲ್ಲ. ಇಷ್ಟು ದಿನ ನರಳಿದ್ದು ಇದರಿಂದಲೇ. ಸೋಮವಾರದಿಂದ ಗಂಟು ಕಳಿಸಿ ಅಂತ ಲಾಡ್ಜಿಗೆ ಹೇಳಿದೀನಿ. ಇಷ್ಟು ದಿನ ಇನ್ನೊಂದು ಕಡೆ ಕೊಡ್ತಿದ್ರು. ಕೈ ತಪ್ಪಿ ಹೋಗ್ತಿತ್ತು."

"ನನ್ನ ಪುಡಿಯಿಂದ ಬಂದಿದ್ದು ಪುಡಿ ನಿಲ್ಲಿಸಿದ್ದಕ್ಕೆ ಹೋಯ್ತು," ಎಂದಳು ಅಜ್ಜಿ. ಆಸ್ಪತ್ರೆಯ ನಂತರ ಅವಳು ಸ್ವಲ್ಪ ಕುಗ್ಗಿದ್ದಳು. ಆ ಕಾಗದ ನೋಡಿ ಚೇತರಿಸಿಕೊಂಡಳು. "ಇನ್ನು ಯಾರ ಪುಡಿಯೂ ಬೇಡ, ಯಾರ ಮಾತ್ರೆಯೂ ಬೇಡ. ವಾಸಿಯಾಯ್ತಲ್ಲ."

ಕಾಲರಕ್ಕ ರೊಟ್ಟಿ ಮುರಿಯುತ್ತಿದ್ದಳು. "ವಾಸಿಯಾಗಿಲ್ಲ ಅತ್ತೆ."

"ರಿಪೋರ್ಟು ಸರಿ ಇದೆಯಲ್ಲೇ."

"ರಿಪೋರ್ಟು ಮೊದಲೂ ಸರಿ ಇತ್ತು. ವಾಂತಿ ಹೋಯ್ತು, ದಾಹ ಹೋಯ್ತು. ಭುಜ ಅಲ್ಲೇ ಇದೆ. ಸೊಂಟ ಅಲ್ಲೇ ಇದೆ. ಈ ರೊಟ್ಟಿ ಮುರಿದ್ರೆ ಬೆರಳು ನೋಯ್ತವೆ."

"ಅದು ಹಳೇದು, ನಿಧಾನವಾಗಿ ಹೋಗುತ್ತೆ," ಎಂದ ಗಂಡ.

"ನಾನು ಮೊದಲನೇ ಸಲ ಡಾಕ್ಟರ್ ಹತ್ರ ಯಾವಾಗ ಹೋಗಿದ್ದು?"

"ಯಾವಾಗ ಅಂದ್ರೆ?"

"ಪುಡಿ ಶುರುವಾಗೋ ಮುಂಚೆನೋ, ಆಮೇಲೋ?"

ಗಂಡ ಕಾಗದ ಮಡಿಸಿದ. ಅಜ್ಜಿ ಸೊಸೆಯ ಲೋಟಕ್ಕೆ, ತುಂಬಿದ್ದರೂ, ಇನ್ನಷ್ಟು ನೀರು ಸುರಿದಳು.

"ಮುಂಚೆ," ಎಂದಳು ಮಗಳು.

"ನೀನು ಸುಮ್ನಿರು," ಎಂದ ಅಪ್ಪ. ಹೆಂಡತಿಯ ಕಡೆ ತಿರುಗಿದ. "ಈಗ ಏನು ಮಾಡಬೇಕು ಅಂತೀಯ?"

"ಲಾಡ್ಜಿಗೆ ಅರ್ಧ ಅಂತ ಹೇಳಿ."

"ಮತ್ತೆ ಅದೇ ರಾಗ. ಅರ್ಧ ಅಂದ್ರೆ ಅವರು ಪೂರ್ತಿ ಬೇರೆಯವರಿಗೆ ಕೊಡ್ತಾರೆ. ನಾನು ಅವರ ಮುಂದೆ ಹೋಗಿ ಏನಂತ ಹೇಳಲಿ? ನನ್ನ ಹೆಂಡತಿಗೆ ಹೆಸರು ಹೇಳೋಕೆ ಬರದ ಒಂದು ನೋವಿದೆ ಅಂತಾನಾ?"

"ಹಾಗೇ ಹೇಳಿ."

"ನಗ್ತಾರೆ."

"ನಗಲಿ. ಇಲ್ಲಿ ಯಾರೂ ನಗದೇ ಇಷ್ಟಾಯ್ತಲ್ಲ."

ಗಂಡ ಎದ್ದು ಕೈತೊಳೆದ. ಆ ರಾತ್ರಿ ಕಾಲರಕ್ಕ ಡ್ರಾಯರಿನಿಂದ ಡಾಕ್ಟರ ಮಾತ್ರೆ ತೆಗೆದು, ಅಡುಗೆಮನೆಯ ನಡುವೆ ನಿಂತು ನುಂಗಿದಳು. ಅಜ್ಜಿ ನೋಡಿದಳು. ಪುಡಿಯ ಪ್ರಕರಣದ ನಂತರ ಮಾತ್ರೆಯ ವಿಷಯದಲ್ಲಿ ಅವಳ ಬಾಯಿ ಕಟ್ಟಿತ್ತು.

ಸೋಮವಾರ ಗಂಟುಗಳು ಬಂದವು. ಕಾಲರಕ್ಕ ಅವನ್ನು ಬಿಚ್ಚಿ ಎರಡು ಪಾಲು ಮಾಡಿದಳು. ಒಂದು ಪಾಲಿನಲ್ಲಿ ಸ್ವಲ್ಪ ಮಾಡಿದಳು, ಸ್ಟೂಲಿನ ಮೇಲೆ ಕೂತಳು, ಬೀದಿಯ ಕೊನೆಯವರೆಗೆ ನಡೆದು ಬಂದಳು, ಮತ್ತೆ ಸ್ವಲ್ಪ ಮಾಡಿದಳು. ತನ್ನ ಪಾಲು ಮುಗಿದಾಗ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಒಳಗೆ ಹೋದಳು. ಉಳಿದದ್ದು ಮೇಜಿನ ಮೇಲೆ ಉಳಿಯಿತು.

"ಇದನ್ನ ಯಾರು ಮಾಡ್ತಾರೆ?" ಎಂದು ಗಂಡ ಒಳಗೆ ಬಂದು ಕೇಳಿದ.

"ಒಪ್ಕೊಂಡೋರು."

"ನಾನಾ? ಇಸ್ತ್ರೀನಾ?"

"ಚಪ್ಪಟೆ ಬಟ್ಟೆ. ಕಾಲರಿಲ್ಲ, ತೋಳಿಲ್ಲ. ಮನಸ್ಸು ಮಾಡಿದ್ರೆ ಬರುತ್ತೆ."

"ಅಮ್ಮ, ನೋಡು ಇವಳನ್ನ."

"ನಾನು ಬೇಕಾದ್ರೆ ಮಾಡ್ತೀನಿ," ಎಂದು ಅಜ್ಜಿ ಎದ್ದಳು. ಕೂಡಿಕೊಂಡ ಮಣಿಕಟ್ಟಿನಿಂದ ಒಂದು ದಿಂಬಿನ ಕವರು ಮುಗಿಸಿ, ಎರಡನೆಯದಕ್ಕೆ ಪೆಟ್ಟಿಗೆಯನ್ನು ಕೆಳಗಿಟ್ಟಳು. ಹೋಗಿ ಟಿವಿ ಹಾಕಿದಳು.

ಮಗಳು ಜಿಮ್ಮಿನಿಂದ ಬಂದು ಕೆಲವು ಮಾಡಿಕೊಟ್ಟಳು, ಮೂಲೆಗೆ ಮೂಲೆ ಕೂಡದ ಹಾಗೆ. ಉಳಿದದ್ದು ಗಂಡನಿಗೇ ಬಂತು. ಬಾಗಿಲು ಅರ್ಧ ಎಳೆದುಕೊಂಡು ಮಾಡಿದ, ಬೀದಿಯವರಿಗೆ ಕಾಣದಿರಲಿ ಎಂದು. ಒಬ್ಬ ಗಿರಾಕಿ ಇಣುಕಿ, "ಕಾಲರಕ್ಕ ಇಲ್ವಾ, ಇದ್ಯಾವ ಹೊಸ ಅಕ್ಕ?" ಎಂದ. ಮಂಗಳವಾರವೂ ಹಾಗೇ ಆಯಿತು. ಬುಧವಾರ ಅವನು ಹೆಂಡತಿಯ ಜೊತೆ ಮಾತು ಬಿಟ್ಟ. ಕಾಲರಕ್ಕನಿಗೆ ಅದರಿಂದ ಸ್ವಲ್ಪ ವಿಶ್ರಾಂತಿಯೇ ಸಿಕ್ಕಿತು. ಮಾತ್ರೆಯಿಂದ ಬೆಳಿಗ್ಗೆ ಬಾಯಿ ಒಣಗುತ್ತಿತ್ತು, ನಿದ್ದೆ ಮಾತ್ರ ಸ್ವಲ್ಪ ಹತ್ತುತ್ತಿತ್ತು. ನೋವು ಇತ್ತು.

ಶನಿವಾರ ಮುಂದಿನ ಕೋಣೆಯಿಂದ, "ಅಮ್ಮಾ," ಎಂಬ ಕೂಗು ಕೇಳಿತು.

ಗಂಡ ಮೇಜು ಹಿಡಿದು ಬಗ್ಗಿ ನಿಂತಿದ್ದ. ಮೇಲೇಳಲು ಆಗುತ್ತಿರಲಿಲ್ಲ. ಬೆಡ್‌ಶೀಟಿನ ರಾಶಿ ಎತ್ತುವಾಗ ಸೊಂಟ ಹಿಡಿದುಕೊಂಡಿತ್ತು.

ಅಜ್ಜಿ ಟಿವಿ ಆರಿಸಿ ಓಡಿದಳು. "ಅಲುಗಾಡಬೇಡ. ಹಾಗೇ ಇರು. ಏ, ಹಾಸಿಗೆ ಹಾಸು," ಎಂದು ಮೊಮ್ಮಗಳಿಗೆ ಕೂಗಿದಳು. ಇಬ್ಬರೂ ಅವನನ್ನು ನಡೆಸಿಕೊಂಡು ಬಂದು ಬೋರಲು ಮಲಗಿಸಿದರು. "ನೋಯ್ತಿದೆಯೇನೋ?"

"ತುಂಬಾ ನೋಯ್ತಿದೆ."

"ಪಾಪ. ಎಷ್ಟು ಅಂತ ಮಾಡ್ತೀಯ. ಇವತ್ತು ಅಂಗಡಿ ಬಾಗಿಲು ಹಾಕಿಬಿಡು. ನಾಳೆನೂ ಏಳಬೇಡ. ಮೈ ಇದ್ರೆ ತಾನೇ ಕೆಲಸ."

ಕಾಲರಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಎಕ್ಸ್‌ರೇ ತೆಗೆಸಿದ್ರಾ ಅತ್ತೆ?"

"ಏನು?"

"ಇಲ್ಲ, ನೋವು ಅಂತಿದ್ದಾರಲ್ಲ. ಯಾವುದರಲ್ಲಿ ಕಾಣ್ತು ಅಂತ ಕೇಳಿದೆ."

ಅಜ್ಜಿಯ ಕೈ ಮಗನ ಬೆನ್ನ ಮೇಲೆ ನಿಂತಿತು. ಮಗಳು ನೆಲ ನೋಡಿದಳು. ಆಮೇಲೆ ಅಜ್ಜಿ, ಸೊಸೆಯ ಕಡೆ ತಿರುಗದೆ, ಮಗನಿಗೆ ಹೇಳಿದಳು: "ಆ ಲಾಡ್ಜಿನೋರಿಗೆ ಫೋನ್ ಮಾಡೋ. ಆಗಲ್ಲ ಅನ್ನು."

ಗಂಡ ದಿಂಬಿನಲ್ಲಿ ಕೆನ್ನೆ ಇಟ್ಟುಕೊಂಡೇ ಫೋನ್ ಮಾಡಿದ. "ಸಾರ್, ನನಗೆ ಸೊಂಟ ಹಿಡ್ಕೊಂಡುಬಿಟ್ಟಿದೆ. ಇನ್ಮೇಲೆ ಪೂರ್ತಿ ಆಗೋದು ಕಷ್ಟ. ಅರ್ಧ ಆದ್ರೆ ಮಾಡಿಕೊಡ್ತೀವಿ." ಆ ಕಡೆಯ ದನಿ ಕೋಣೆಗೆಲ್ಲ ಕೇಳುತ್ತಿತ್ತು. ಅಯ್ಯೋ, ಹುಷಾರು, ಸೊಂಟ ಅಂದ್ರೆ ಆಟ ಅಲ್ಲ, ಅರ್ಧನೇ ಕಳಿಸ್ತೀವಿ, ಇನ್ನರ್ಧಕ್ಕೆ ಬೇರೆಯವರಿದ್ದಾರೆ, ಮಲಗಿ ನೀವು, ಎಂದಿತು.

ಗಂಡ ಫೋನನ್ನು ಎದೆಯ ಕೆಳಗಿಟ್ಟುಕೊಂಡ. ಅವನ ದನಿಯಲ್ಲಿ ಆಶ್ಚರ್ಯವಿತ್ತು.

"ಒಪ್ಕೊಂಡ್ರು ಕಣೇ. ಒಂದೇ ಮಾತಿಗೆ."

"ಹೌದು," ಎಂದಳು ಕಾಲರಕ್ಕ. "ನಿಮ್ಮ ಒಂದೇ ಮಾತಿಗೆ."

ಅವಳು ಮುಂದಿನ ಕೋಣೆಗೆ ಹೋದಳು. ಗಂಡ ಬಿಟ್ಟುಬಂದಿದ್ದ ಇಸ್ತ್ರಿ ಪೆಟ್ಟಿಗೆ ಇನ್ನೂ ಕಾಯುತ್ತಲೇ ಇತ್ತು. ಸ್ವಿಚ್ಚು ಆರಿಸಿ, ತಂತಿ ಸುತ್ತಿಟ್ಟು, ನೋಯುವ ಎರಡೂ ಕೈಯಿಂದ ಅಂಗಡಿಯ ಬಾಗಿಲು ಎಳೆದಳು.